ಒಂದು ರೂಪಾಯಿಗೆ ಪಿನ್ ಒತ್ತಿದಿರಿ, ಒಪ್ಪಿಗೆ ಎಷ್ಟಕ್ಕೆ ಕೊಟ್ಟಿರಿ?

ಗ್ರಾಹಕರ ಕೇಸು ನೋಡುವ ನನ್ನಂಥ ವಕೀಲರ ಹತ್ತಿರ ಮೊದಲೆಲ್ಲ ಬರುತ್ತಿದ್ದದ್ದು ಮೊಳೆಯದ ಬೀಜ, ಕೈಗೆ ಬಾರದ ವಿಮೆ, ಮಾತು ತಪ್ಪಿದ ಬಿಲ್ಡರ್. ಈಗ ಅದರ ಜೊತೆ ಇನ್ನೊಂದು ಸೇರಿದೆ, ಆ್ಯಪುಗಳ ಒಂದು ರೂಪಾಯಿ ಟ್ರಯಲ್, ಅಂದರೆ ಕೆಲವು ದಿನ ಬಳಸಿ ನೋಡಿ ಎಂದು ಕೊಡುವ ಚಂದಾ. ಮೊಬೈಲ್ ಮುಂದೆ ಹಿಡಿದು ಬ್ಯಾಂಕಿನ ಮೆಸೇಜ್ ತೋರಿಸುತ್ತಾರೆ. "ವಕೀಲ್ರ, ನಾ ಬರೇ ಒಂದ್ ರೂಪಾಯಿ ಕೊಟ್ಟೇನ್ರಿ. ಐದನೂರು ಹೆಂಗ್ ಹೋತು?" ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಓದುವ ಹುಡುಗರು ಇವರಲ್ಲಿ ಜಾಸ್ತಿ. ಹುಬ್ಬಳ್ಳಿಯ ಗೃಹಿಣಿಯರಿದ್ದಾರೆ, ಗದಗಿನ ಪ್ರಿಂಟಿಂಗ್ ಪ್ರೆಸ್‌ನವರಿದ್ದಾರೆ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳೂ ಇದ್ದಾರೆ.

ನಾನು ಮೊದಲು ಕೇಳುವುದು ಒಂದೇ. "ಆ ಒಂದು ರೂಪಾಯಿಗೆ ಪಿನ್ ಒತ್ತಿದ್ಯಾ ತಮ್ಮಾ?" ಹೌದು ಅನ್ನುತ್ತಾರೆ. ಅಲ್ಲೇ ಇರುವುದು ಗಂಟು. ಒಂದು ರೂಪಾಯಿಯ ಜೊತೆ ಇನ್ನೊಂದನ್ನೂ ಕೊಟ್ಟಿರುತ್ತಾರೆ. ಇನ್ನು ಮುಂದೆ ತಿಂಗಳಿಗೊಮ್ಮೆ ನನ್ನ ಖಾತೆಯಿಂದ ನೀವೇ ದುಡ್ಡು ತಗೊಳ್ಳಿ ಅನ್ನುವ ಒಪ್ಪಿಗೆ ಅದು. ಬ್ಯಾಂಕಿನವರು ಇದನ್ನು ಮ್ಯಾಂಡೇಟ್ ಅನ್ನುತ್ತಾರೆ. ಯುಪಿಐ ಆ್ಯಪಿನಲ್ಲಿ ಇದು ಆಟೋಪೇ.

ಆಟೋಪೇ ಕೆಟ್ಟದ್ದೇನಲ್ಲ. ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಇದನ್ನು 2020ರ ಜುಲೈನಲ್ಲಿ ಶುರು ಮಾಡಿತು. ಕರೆಂಟ್ ಬಿಲ್ಲು, ವಿಮೆಯ ಕಂತು, ಮ್ಯೂಚುವಲ್ ಫಂಡಿಗೆ ಕಟ್ಟುವ ಎಸ್‌ಐಪಿ ಕಂತು ಎಲ್ಲ ತಾನಾಗಿಯೇ ಹೋಗುತ್ತವೆ. ಶುರುವಿನಲ್ಲಿ ಒಂದು ಸಲ ಪಿನ್ ಒತ್ತಿದರೆ ಸಾಕು, ಮುಂದಿನ ಕಂತುಗಳಿಗೆ ಪಿನ್ ಕೇಳುವುದಿಲ್ಲ. ಹೀಗೆ ಪಿನ್ ಇಲ್ಲದೆ ಹೋಗುವ ಕಂತಿನ ಮಿತಿಯನ್ನು ರಿಸರ್ವ್ ಬ್ಯಾಂಕ್ 2022ರ ಜೂನ್‌ನಲ್ಲಿ 5,000 ರೂಪಾಯಿಯಿಂದ 15,000ಕ್ಕೆ ಏರಿಸಿತು. ಅಂದರೆ ಒಂದು ಸಲಕ್ಕೆ 15,000ದವರೆಗೆ ಪಿನ್ ಇಲ್ಲದೆ ಹೋಗಬಹುದು. ವಿಮೆ, ಮ್ಯೂಚುವಲ್ ಫಂಡ್, ಕ್ರೆಡಿಟ್ ಕಾರ್ಡ್ ಬಿಲ್ಲಿಗಾದರೆ ಒಂದು ಲಕ್ಷದವರೆಗೆ.

ಪಿನ್ ಕೇಳುವ ಮುಂಚಿನ ಪರದೆಯನ್ನು ಒಮ್ಮೆ ನಿಂತು ಓದಿ. ಎಷ್ಟು ದುಡ್ಡು, ಎಷ್ಟು ದಿನಕ್ಕೊಮ್ಮೆ, ಎಲ್ಲಿಯವರೆಗೆ ಎಂದು ಅಲ್ಲಿ ಬರೆದಿರುತ್ತದೆ. ಜಾಹೀರಾತಿನಲ್ಲಿ "1 ರೂಪಾಯಿ" ಅಂತ ದೊಡ್ಡ ಅಕ್ಷರದಲ್ಲಿ ಕುಣಿಯುತ್ತಿರುತ್ತದೆ, ಈ ಪರದೆಯಲ್ಲಿ "499ರವರೆಗೆ, ತಿಂಗಳಿಗೊಮ್ಮೆ" ಎಂದು ಸಣ್ಣಗೆ ಕೂತಿರುತ್ತದೆ. ಮುಗಿಯುವ ವರ್ಷ ನೋಡಿದರೆ ಕೆಲವು ಸಲ ಗಾಬರಿಯಾಗುತ್ತದೆ. ಈಗ ಕೋಚಿಂಗ್‌ಗೆ ಬಂದ ಹುಡುಗ ನೌಕರಿ ಹಿಡಿದು, ಮದುವೆಯಾಗಿ, ಮಕ್ಕಳನ್ನು ಶಾಲೆಗೆ ಕಳಿಸುವವರೆಗೂ ಆ ಒಪ್ಪಿಗೆ ಜೀವಂತ ಇರುತ್ತದೆ.

ದುಡ್ಡು ಹೋಗುವ 24 ಗಂಟೆ ಮೊದಲು ಮೆಸೇಜ್ ಬರಲೇಬೇಕು ಎನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಯಾರಿಗೆ ಹೋಗುತ್ತಿದೆ, ಎಷ್ಟು, ಯಾವತ್ತು ಎಂದು ಅದರಲ್ಲಿ ಇರಬೇಕು, ಬೇಡ ಅನ್ನಲು ದಾರಿಯೂ ಇರಬೇಕು. ಬರುತ್ತದೆ ಕೂಡ. ನನ್ನ ಹತ್ತಿರ ಬಂದವರ ಮೊಬೈಲಿನಲ್ಲಿ ಹುಡುಕಿದಾಗ ಬಹಳ ಸಲ ಆ ಮೆಸೇಜ್ ಸಿಕ್ಕಿದೆ, ಓದದೇ ಬಿದ್ದಿರುತ್ತದೆ. ಸಾಲ ಬೇಕಾ, ಸೈಟು ಬೇಕಾ ಎಂದು ದಿನಕ್ಕೆ ಇಪ್ಪತ್ತು ಮೆಸೇಜ್ ಬರುವ ಫೋನಿನಲ್ಲಿ ಇಂಗ್ಲಿಷಿನ ಇನ್ನೊಂದು ಮೆಸೇಜನ್ನು ಯಾರು ಓದುತ್ತಾರೆ? ಓದಲಿಲ್ಲ ಎಂದು ಜನರನ್ನು ಬಯ್ಯಲು ನನಗೆ ಮನಸ್ಸಿಲ್ಲ. ಗ್ರಾಹಕರಿಗೆ ಗೊತ್ತಾಗುವ ಭಾಷೆಯಲ್ಲಿ ಹೇಳದೆ "ನಾವು ಹೇಳಿದ್ದೆವು" ಅನ್ನುವುದು ನನ್ನ ಪ್ರಕಾರ ಹೇಳಿದಂತಲ್ಲ.

ಈಗ ಮುಖ್ಯ ವಿಷಯ. ದುಡ್ಡು ಹೋದ ಕೂಡಲೇ ಎಲ್ಲರೂ "ಹ್ಯಾಕ್ ಆಗೇತ್ರಿ" ಅನ್ನುತ್ತಾರೆ. ಮೆಸೇಜ್‌ನಲ್ಲಿ ಆ್ಯಪಿನ ಹೆಸರಿನ ಬದಲು ಅದರ ಮೂಲ ಕಂಪನಿಯದೋ, ನಡುವಿನ ಪೇಮೆಂಟ್ ಕಂಪನಿಯದೋ ಹೆಸರು ಇರುವುದರಿಂದ ಹಾಗನ್ನಿಸುವುದು ಸಹಜ. ಆದರೆ ಕಾನೂನಿನ ಕಣ್ಣಿಗೆ ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ನಿಮಗೆ ಗೊತ್ತೇ ಇಲ್ಲದೆ ಯಾರೋ ನಿಮ್ಮ ಖಾತೆಗೆ ಕೈ ಹಾಕಿದ್ದು ಒಂದು. ನೀವೇ ಪಿನ್ ಒತ್ತಿದ್ದೀರಿ, ಆದರೆ ಮೋಸದ ಮಾತಿಗೆ ಒತ್ತಿದ್ದೀರಿ ಅನ್ನುವುದು ಇನ್ನೊಂದು. ಎರಡಕ್ಕೂ ಬಾಗಿಲು ಬೇರೆ. ತಪ್ಪು ಬಾಗಿಲು ಬಡಿದು ವಾರಗಟ್ಟಲೆ ಕಳೆದವರನ್ನು ಬಹಳ ನೋಡಿದ್ದೇನೆ.

ಮೊದಲನೆಯದಕ್ಕೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮ ಇದೆ. ನಿಮ್ಮ ತಪ್ಪೂ ಇಲ್ಲ, ಬ್ಯಾಂಕಿನ ತಪ್ಪೂ ಇಲ್ಲ, ಹೊರಗಿನವರು ಲಪಟಾಯಿಸಿದ್ದಾರೆ ಎಂದಾದರೆ, ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ದೂರು ಕೊಟ್ಟರೆ ಒಂದು ಪೈಸೆಯ ನಷ್ಟವೂ ನಿಮ್ಮ ಮೇಲೆ ಬೀಳುವುದಿಲ್ಲ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊರೆ ಹೆಚ್ಚೆಂದರೆ 10,000 ರೂಪಾಯಿ. ಹತ್ತು ಕೆಲಸದ ದಿನದೊಳಗೆ ಬ್ಯಾಂಕು ದುಡ್ಡನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು. ತಪ್ಪು ಗ್ರಾಹಕರದ್ದೇ ಅನ್ನುವುದಾದರೆ ಅದನ್ನು ತೋರಿಸಬೇಕಾದವರೂ ಬ್ಯಾಂಕಿನವರೇ. ಇಂಥದ್ದಾದರೆ ಬ್ಯಾಂಕಿಗೆ ಮತ್ತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿ.

ಎರಡನೆಯದು ಟ್ರಯಲ್‌ನ ಕಥೆ. ಇಲ್ಲಿ ಬ್ಯಾಂಕು "ಗ್ರಾಹಕರೇ ಪಿನ್ ಒತ್ತಿದ್ದಾರೆ" ಎಂದು ಒಂದೇ ಸಾಲಿನ ಉತ್ತರ ಬರೆದು ಕೈ ತೊಳೆದುಕೊಳ್ಳುತ್ತದೆ. ಸಿಟ್ಟು ಬರುತ್ತದೆ, ಆದರೆ ಆ ಉತ್ತರ ಪೂರ್ತಿ ಸುಳ್ಳೂ ಅಲ್ಲ. ನಿಮ್ಮ ಜಗಳ ಇರುವುದು ಕಂಪನಿಯ ಜೊತೆ, ಕೈಯಲ್ಲಿರುವ ಆಯುಧ ಗ್ರಾಹಕ ಕಾನೂನು.

ಆ ಆಯುಧ ಈಗ ಹರಿತವಾಗಿಯೇ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಹೊರಡಿಸಿತು. ವೆಬ್‌ಸೈಟು, ಆ್ಯಪುಗಳು ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ಚಾಲಾಕಿತನದ ಪಟ್ಟಿ ಅದರಲ್ಲಿದೆ. ಉಚಿತ ಚಂದಾ ಬೇಕೆಂದರೆ ಕಾರ್ಡಿನ ವಿವರ ಅಥವಾ ಆಟೋ ಡೆಬಿಟ್ ಒಪ್ಪಿಗೆ ಕೊಡಲೇಬೇಕು ಎಂದು ಬಲವಂತ ಮಾಡುವುದೂ ಅದರಲ್ಲಿ ಒಂದು. ರದ್ದು ಮಾಡುವ ದಾರಿಯನ್ನು ಮುಚ್ಚಿಡುವುದು, ಸುತ್ತು ಬಳಸಿ ಇಡುವುದು ಕೂಡ ಅಷ್ಟೇ. ಟ್ರಯಲ್ ಮುಗಿದು ದುಡ್ಡಿನ ಚಂದಾ ಶುರುವಾಗುವಾಗ ತಿಳಿಸದೇ ಇರುವುದೂ ಅದೇ ಪಟ್ಟಿಯಲ್ಲಿದೆ. ಕೆಲವು ಕಂಪನಿಯವರು "ನಮ್ಮದು ಉಚಿತ ಅಲ್ಲವಲ್ಲ, ಒಂದು ರೂಪಾಯಿ ತಗೊಂಡಿದ್ದೇವೆ" ಎಂದು ವಾದಿಸುತ್ತಾರೆ. ಎಂಥ ಜಾಣತನ ಅಲ್ವಾ! ಇನ್ನು ಮೊದಲೇ ಟಿಕ್ ಹಾಕಿಟ್ಟ ಚೌಕದ ಮೂಲಕ ಒಪ್ಪಿಗೆ ಪಡೆಯುವುದನ್ನು 2020ರ ಇ-ಕಾಮರ್ಸ್ ನಿಯಮಗಳೇ ನಿಷೇಧಿಸಿವೆ.

ಇದು ಸಣ್ಣಪುಟ್ಟ ಆ್ಯಪುಗಳ ಕಸುಬು ಮಾತ್ರ ಎಂದುಕೊಳ್ಳಬೇಡಿ. ಒಪ್ಪಿಗೆಯಿಲ್ಲದೆ ಜನರನ್ನು ತನ್ನ ಪ್ರೈಮ್ ಎಂಬ ಚಂದಾಗೆ ಸೇರಿಸಿ, ಹೊರಬರಲು ಕಷ್ಟ ಮಾಡಿತು ಎಂಬ ಆರೋಪದ ಕೇಸಿನಲ್ಲಿ ಅಮೆರಿಕದ ಅಮೆಜಾನ್ 2025ರ ಸೆಪ್ಟೆಂಬರ್‌ನಲ್ಲಿ 250 ಕೋಟಿ ಡಾಲರ್ ಕೊಡಲು ಒಪ್ಪಿತು. ಅದರಲ್ಲಿ 150 ಕೋಟಿ ಡಾಲರ್ ಗ್ರಾಹಕರಿಗೆ ವಾಪಸ್.

ಕಾರ್ಡಿನ ಮೂಲಕ ವಿದೇಶಿ ವೆಬ್‌ಸೈಟಿನಲ್ಲಿ ಸಿಕ್ಕಿಹಾಕಿಕೊಂಡವರ ಪಾಡು ಇನ್ನೂ ಕಷ್ಟ. ಮುಖದ ಕ್ರೀಮು, ತೂಕ ಇಳಿಸುವ ಮಾತ್ರೆ. "ಸ್ಯಾಂಪಲ್ ಫ್ರೀ, ಕೊರಿಯರ್ ಖರ್ಚು ಮಾತ್ರ ಕೊಡಿ." ಕೊರಿಯರ್ ಖರ್ಚಿಗೆಂದು ಕಾರ್ಡ್ ನಂಬರ್ ಕೊಡುತ್ತೀರಿ. ಷರತ್ತಿನ ಪುಟದ ಕೊನೆಯಲ್ಲಿ, 14 ದಿನದಲ್ಲಿ ಬೇಡ ಅನ್ನದಿದ್ದರೆ ಪೂರ್ತಿ ಬೆಲೆ ಮತ್ತು ತಿಂಗಳಿಗೊಂದು ಡಬ್ಬಿ ಎಂದಿರುತ್ತದೆ. ಆ 14 ದಿನ ಲೆಕ್ಕ ಹಾಕುವುದು ಆರ್ಡರ್ ಮಾಡಿದ ದಿನದಿಂದ. ಪಾರ್ಸೆಲ್ ಸಮುದ್ರ ದಾಟಿ ಹುಬ್ಬಳ್ಳಿಗೆ ಬರುವಷ್ಟರಲ್ಲೇ ಗಡುವು ಮುಗಿದಿರುತ್ತದೆ! ವಿದೇಶಿ ಸೈಟುಗಳಲ್ಲಿ ಎಷ್ಟೋ ಸಲ ಓಟಿಪಿಯನ್ನೇ ಕೇಳುವುದಿಲ್ಲ, ಕಾರ್ಡಿನ ವಿವರ ಇದ್ದರೆ ಸಾಕು. ಡಾಲರ್‌ನಲ್ಲಿ ಕಡಿತವಾಗುತ್ತದೆ, ಬ್ಯಾಂಕಿನ ವಿನಿಮಯ ಶುಲ್ಕ ಬೇರೆ.

ಇಂಥದ್ದಕ್ಕೆ ಬ್ಯಾಂಕಿನಲ್ಲಿ ಕೇಳಬೇಕಾದ್ದು ಚಾರ್ಜ್‌ಬ್ಯಾಕ್. ಕಾರ್ಡ್ ಕಂಪನಿಯ ಮೂಲಕ ವ್ಯಾಪಾರಿಯ ಬ್ಯಾಂಕಿನಿಂದ ದುಡ್ಡು ವಾಪಸ್ ಎಳೆಯುವ ವ್ಯವಸ್ಥೆ ಅದು. ಬ್ರ್ಯಾಂಚಿನಲ್ಲಿ ಕೂತವರಿಗೆ ಕೆಲವೊಮ್ಮೆ ಇದರ ಪರಿಚಯ ಇರುವುದಿಲ್ಲ, ಕಾರ್ಡ್ ವಿಭಾಗಕ್ಕೇ ಇಮೇಲ್ ಬರೆಯಿರಿ. ವಸ್ತುಗಳ ಟ್ರಯಲ್ ಮುಗಿದಾಗ ಗ್ರಾಹಕರ ಒಪ್ಪಿಗೆ ಮತ್ತೆ ಪಡೆದೇ ದುಡ್ಡು ತೆಗೆಯಬೇಕೆಂದು ಮಾಸ್ಟರ್‌ಕಾರ್ಡ್ 2019ರಲ್ಲೇ ನಿಯಮ ಮಾಡಿದೆ. ಇಮೇಲಿನಲ್ಲಿ ಆ ಮಾತನ್ನೂ ಹಾಕಿ. ಬೇಡ ಎಂದು ಕಂಪನಿಗೆ ಬರೆದ ಇಮೇಲ್, ಜಾಹೀರಾತಿನ ಸ್ಕ್ರೀನ್‌ಶಾಟ್ ಜೊತೆಗಿರಲಿ. ವಿದೇಶದಲ್ಲಿ ಖರೀದಿ ಮಾಡದವರು ಕಾರ್ಡಿನ ಅಂತರರಾಷ್ಟ್ರೀಯ ಸ್ವಿಚ್ಚನ್ನು ಬ್ಯಾಂಕಿನ ಆ್ಯಪಿನಲ್ಲಿ ಆಫ್ ಮಾಡಿಟ್ಟರೆ ಈ ಇಡೀ ಪ್ಯಾರಾ ಅವರಿಗೆ ಬೇಕಾಗುವುದೇ ಇಲ್ಲ.

ನಿಲ್ಲಿಸುವುದು ಹೇಗೆ? ಇಲ್ಲಿ ಜನ ಮಾಡುವ ಕೆಲಸಗಳು ವಿಚಿತ್ರ. ಆ್ಯಪ್ ಡಿಲೀಟ್ ಮಾಡಿ ಆರಾಮಾಗಿ ಇರುತ್ತಾರೆ. ಆ್ಯಪ್ ಹೋದರೂ ಮ್ಯಾಂಡೇಟ್ ಅಲ್ಲೇ ಇರುತ್ತದೆ, ಮುಂದಿನ ತಿಂಗಳು ಮತ್ತೆ ದುಡ್ಡು ಹೋಗುತ್ತದೆ. ಇನ್ನು ಕೆಲವರು ಬ್ಯಾಂಕಿಗೆ ಓಡಿ ಎಟಿಎಂ ಕಾರ್ಡ್ ಬ್ಲಾಕ್ ಮಾಡಿಸುತ್ತಾರೆ. ದುಡ್ಡು ಹೋಗುತ್ತಿರುವುದು ಯುಪಿಐನಿಂದ, ಕಾರ್ಡಿಗೂ ಅದಕ್ಕೂ ಸಂಬಂಧವಿಲ್ಲ. ಯುಪಿಐ ಆದರೆ ನಿಮ್ಮ ಪೇಮೆಂಟ್ ಆ್ಯಪಿನಲ್ಲಿ ಪ್ರೊಫೈಲ್ ಚಿತ್ರ ಒತ್ತಿ, ಆಟೋಪೇ ಎಂಬಲ್ಲಿ ಹೋಗಿ, ಅಲ್ಲಿ ರದ್ದು ಮಾಡಿ. ಪ್ಲೇ ಸ್ಟೋರ್ ಮೂಲಕ ತೆಗೆದುಕೊಂಡಿದ್ದರೆ ಅಲ್ಲಿಯ ಸಬ್‌ಸ್ಕ್ರಿಪ್ಷನ್ ವಿಭಾಗದಲ್ಲಿ ರದ್ದು ಮಾಡಬೇಕು. ಕಾರ್ಡ್ ಆದರೆ ಬ್ಯಾಂಕಿನ ಇ-ಮ್ಯಾಂಡೇಟ್ ಪುಟದಲ್ಲಿ. ಸಿಟ್ಟಿನಲ್ಲಿ ಪಟ್ಟಿಯಲ್ಲಿದ್ದದ್ದನ್ನೆಲ್ಲ ರದ್ದು ಮಾಡಿ ಸ್ವಂತ ವಿಮೆಯ ಕಂತು ನಿಲ್ಲಿಸಿಕೊಂಡವರೂ ಇದ್ದಾರೆ, ಹೆಸರು ನೋಡಿ ಮಾಡಿ.

ಕಸ್ಟಮರ್ ಕೇರ್ ನಂಬರನ್ನು ಮಾತ್ರ ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ಕಳ್ಳರೇ ನಂಬರ್ ಹಾಕಿಟ್ಟು ಕಾಯುತ್ತಿರುತ್ತಾರೆ. "ಸ್ಕ್ರೀನ್ ಶೇರ್ ಮಾಡ್ರಿ, ರೀಫಂಡ್ ಹಾಕ್ತೇವಿ" ಅನ್ನುತ್ತಾರೆ. 499 ವಾಪಸ್ ತರಲು ಹೋಗಿ ಖಾತೆ ಖಾಲಿಯಾದರೆ ಅದು ಬೇರೆಯೇ ಕೇಸು.

ರದ್ದಾದ ಮೇಲೆ ಹೋದ ದುಡ್ಡಿನ ಮಾತು. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಬರೆಯಿರಿ. ಆನ್‌ಲೈನ್ ವ್ಯಾಪಾರ ಮಾಡುವವರು 48 ಗಂಟೆಯಲ್ಲಿ ದೂರು ತಲುಪಿದೆ ಎನ್ನಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಜೊತೆಗೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನಾನು ಕಂಡಂತೆ ಸಣ್ಣ ಮೊತ್ತಗಳು ಈ ಹಂತದಲ್ಲೇ ವಾಪಸ್ ಬರುತ್ತವೆ. ನೂರರಲ್ಲಿ ಒಬ್ಬರು ಕೇಳುತ್ತಾರೆ, ಆ ಒಬ್ಬರಿಗೆ ಕೊಟ್ಟು ಉಳಿದವರದ್ದನ್ನು ಇಟ್ಟುಕೊಳ್ಳುವುದು ಕಂಪನಿಗೆ ಲಾಭವೇ. ತಕರಾರು ಬ್ಯಾಂಕಿನ ಮೇಲಿದ್ದು, 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಅದಕ್ಕೆ ಖರ್ಚಿಲ್ಲ.

ಗ್ರಾಹಕ ಆಯೋಗಕ್ಕೆ ಹೋಗಬೇಕಾ? 499ಕ್ಕೆ ವಕೀಲರಿಗೆ ಫೀ ಕೊಟ್ಟು ಹೋಗುವುದು ಸುಮ್ನೆ ದಂಡ, ಇದನ್ನು ನನ್ನ ಕಸುಬಿನವರೂ ಒಪ್ಪುತ್ತಾರೆ. ವರ್ಷದ ಚಂದಾ ಎಂದು ಒಮ್ಮೆಲೇ ಸಾವಿರಾರು ರೂಪಾಯಿ ಎಳೆದಿದ್ದರೆ ಹೋಗಿ. ಐದು ಲಕ್ಷದವರೆಗಿನ ಖರೀದಿಗೆ ಆಯೋಗದಲ್ಲಿ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು. ಕಂಪನಿ ಗುರುಗ್ರಾಮದಲ್ಲಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಗದಗಿನವರು ಗದಗಿನಲ್ಲಿ, ಹಾವೇರಿಯವರು ಹಾವೇರಿಯಲ್ಲಿ, ಹುಬ್ಬಳ್ಳಿಯವರು ಧಾರವಾಡದಲ್ಲಿ.

ವ್ಯಾಪಾರಿಗಳಿಗೆ ಮಾತ್ರ ಇಲ್ಲೊಂದು ತೊಡಕಿದೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನ ಟ್ರಯಲ್ ತೆಗೆದುಕೊಂಡು ಸಿಕ್ಕಿಬಿದ್ದ ಅಂಗಡಿಯವರು ನಮ್ಮಲ್ಲಿ ಕಡಿಮೆಯಿಲ್ಲ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಕಾಯ್ದೆಯ ಪ್ರಕಾರ ಗ್ರಾಹಕರಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡಿದ್ದರೆ ಗ್ರಾಹಕರೇ. ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುವವರು ನೀವೇ ಆಗಿದ್ದರೆ ಆ ಮಾತನ್ನು ದೂರಿನ ಮೊದಲ ಪ್ಯಾರಾದಲ್ಲೇ ಬರೆಯಿರಿ. ಬಿಟ್ಟರೆ ಎದುರು ಪಾರ್ಟಿಯ ವಕೀಲರು ತಕರಾರು ಶುರು ಮಾಡುವುದೇ ಅಲ್ಲಿಂದ.