ಆಧಾರ್ ಇಲ್ಲದಿದ್ದರೆ ತಂಗುದಾಣದಲ್ಲಿ ಸೇರಿಸಿಕೊಳ್ತಾರಾ?

ಪ್ರಶ್ನೆ: ನಮ್ಮ ಅಂಗಡಿ ಜಗುಲಿ ಮೇಲೆ ಒಬ್ಬರು ಯಜಮಾನರು ದಿನಾ ರಾತ್ರಿ ಮಲಗುತ್ತಾರೆ. ವಯಸ್ಸು ಅರವತ್ತೈದು ದಾಟಿರಬಹುದು. ಅವರ ಹತ್ತಿರ ಆಧಾರ್ ಇಲ್ಲ, ರೇಷನ್ ಕಾರ್ಡೂ ಇಲ್ಲ. ಮನೆ ಇಲ್ಲದವರಿಗಾಗಿ ಇರುವ ಸರ್ಕಾರದ ತಂಗುದಾಣದಲ್ಲಿ ಸೇರಿಸಿಕೊಳ್ತಾರಾ? ಇಲ್ಲ, ಬೆಗ್ಗರ್ಸ್ ಕಾಲೋನಿಗೆ ಹಾಕಿಬಿಡ್ತಾರಾ?

ಉತ್ತರ: ಸೇರಿಸಿಕೊಳ್ಳಬೇಕು. ನಗರಗಳ ವಸತಿರಹಿತರಿಗಾಗಿ 2013ರಲ್ಲಿ ಕೇಂದ್ರ ಸರ್ಕಾರ ಮಾಡಿದ ಮಾರ್ಗಸೂಚಿಯ ಪ್ರಕಾರ, ಅಲ್ಲಿರುವವರಿಗೆ ಗುರುತಿನ ಚೀಟಿ, ರೇಷನ್ ಕಾರ್ಡ್, ಪಿಂಚಣಿ ಸಿಗುವ ಹಾಗೆ ನೋಡಿಕೊಳ್ಳುವುದೂ ತಂಗುದಾಣದ ಕೆಲಸ. ಹಾಗಿರುವಾಗ ಅದೇ ಚೀಟಿಯನ್ನು ಬಾಗಿಲಲ್ಲೇ ಕೇಳಿದರೆ ಹೇಗೆ? 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದೇ ಮಾತು ಎತ್ತಿತ್ತು. ಮನೆಯೇ ಇಲ್ಲದವರು ಯಾವ ವಿಳಾಸ ಕೊಟ್ಟು ಆಧಾರ್ ಮಾಡಿಸಬೇಕು ಎಂದು ಸರ್ಕಾರವನ್ನು ಕೇಳಿತ್ತು.

ರಸ್ತೆಯಲ್ಲಿ ಮಲಗುವವರನ್ನು ಹತ್ತಿರದಿಂದ ನೋಡಿದ್ದೀರಾ? ಚಪ್ಪಲಿ ಬಿಟ್ಟು ಮಲಗುವುದಿಲ್ಲ. ಚೀಲದಲ್ಲಿ ಸುತ್ತಿ ತಲೆ ಕೆಳಗೆ ಇಟ್ಟುಕೊಳ್ಳುತ್ತಾರೆ. ಬೆಳಗ್ಗೆ ಏಳುವಷ್ಟರಲ್ಲಿ ಆ ಚೀಲವೇ ಇರುವುದಿಲ್ಲ. ಕಾರ್ಡು, ಔಷಧಿ ಚೀಟಿ, ಗಾರೆ ಕೆಲಸದವರಾದರೆ ಕರಣೆ, ಎಲ್ಲಾ ಒಂದೇ ರಾತ್ರಿಗೆ ಹೋಗಿಬಿಡುತ್ತವೆ. "ಯಾಕೆ ಕಾರ್ಡ್ ಇಟ್ಟುಕೊಂಡಿಲ್ಲ" ಎಂದು ಗದರುವವರಿಗೆ ಇದು ಗೊತ್ತಿರಬೇಕು. ಅದಕ್ಕೇ ಮಾರ್ಗಸೂಚಿಯಲ್ಲಿ ಹಾಸಿಗೆ, ಕುಡಿಯುವ ನೀರು, ಶೌಚಾಲಯದ ಜೊತೆ ಪ್ರತಿಯೊಬ್ಬರಿಗೂ ಬೀಗ ಹಾಕುವ ಲಾಕರ್ ಇರಬೇಕು ಎಂದಿದೆ. ನನ್ನ ಪ್ರಕಾರ ಫ್ಯಾನಿಗಿಂತ ಲಾಕರ್ ಮುಖ್ಯ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಊರಿನ ಜನಸಂಖ್ಯೆಯಲ್ಲಿ ಪ್ರತಿ 1 ಲಕ್ಷಕ್ಕೆ ಕನಿಷ್ಠ 100 ಜನರಿಗೆ ಜಾಗ, ಒಬ್ಬರಿಗೆ 50 ಚದರ ಅಡಿ. ರಾತ್ರಿ ಮಾತ್ರ ಅಲ್ಲ, ಹಗಲೂ ತೆರೆದಿರಬೇಕು. ರಾತ್ರಿ ಪಾಳಿ ಮುಗಿಸಿ ಬರುವ ಹಮಾಲಿಗೆ ಹಗಲೇ ತಾನೇ ನಿದ್ದೆ? 2011ರ ಜನಗಣತಿಯಲ್ಲಿ ದೇಶದಲ್ಲಿ ಮನೆ ಇಲ್ಲದವರು 17 ಲಕ್ಷಕ್ಕೂ ಜಾಸ್ತಿ ಸಿಕ್ಕಿದ್ದರು. ಒಂದೇ ರಾತ್ರಿಯಲ್ಲಿ ಎಣಿಸಿದ ಲೆಕ್ಕ ಅದು. ಫ್ಲೈಓವರ್ ಕೆಳಗೆ, ಲಾರಿ ಮೇಲೆ ಮಲಗಿದ್ದವರು ಎಷ್ಟು ಜನ ತಪ್ಪಿಹೋದರೋ.

ಇನ್ನು ನಿಮ್ಮ ಭಯದ ವಿಷಯ. ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರವನ್ನೇ ಜನ ಬೆಗ್ಗರ್ಸ್ ಕಾಲೋನಿ ಅನ್ನುವುದು. ಅದು ನಡೆಯುವುದು 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಪ್ರಕಾರ. ನಿಮ್ಮ ಆಸ್ತಿ ತೆರಿಗೆ ರಸೀದಿಯಲ್ಲಿ ಭಿಕ್ಷುಕರ ಸೆಸ್ ಅಂತ ಇರುತ್ತಲ್ಲ, ಆ ದುಡ್ಡು ಅಲ್ಲಿಗೇ. ಭಿಕ್ಷೆ ಬೇಡುವಾಗ ಹಿಡಿದವರನ್ನು ಅಲ್ಲಿ ಇಡುತ್ತಾರೆ. 2010ರ ಆಗಸ್ಟ್‌ನಲ್ಲಿ ಅಲ್ಲಿ ಸಾಲು ಸಾಲು ಸಾವುಗಳಾದವು. ಆ ಹೆಸರು ಕೇಳಿದರೆ ಇವತ್ತಿಗೂ ಜನ ಬೆಚ್ಚುವುದು ಸುಮ್ನೆ ಅಲ್ಲ. ಆದರೆ ಪಾಲಿಕೆ ತಂಗುದಾಣವೇ ಬೇರೆ. ಅಲ್ಲಿಗೆ ಯಾರೂ ಹಿಡಿದು ತರುವುದಿಲ್ಲ. ತಾವೇ ಬರಬಹುದು, ಬೇಡ ಅನಿಸಿದರೆ ಹೋಗಬಹುದು. ಜಗುಲಿ ಮೇಲೆ ಮಲಗುವುದು ಭಿಕ್ಷೆಯೂ ಅಲ್ಲ, ಅಪರಾಧವೂ ಅಲ್ಲ.

ಕಾಗದಪತ್ರ ಒಂದೊಂದಾಗಿ ಆಗುತ್ತದೆ. ಆಧಾರ್‌ಗೆ ಮಾನ್ಯತೆ ಇರುವ ಆಶ್ರಯ ಕೇಂದ್ರದ ಮುಖ್ಯಸ್ಥರು ಕೊಡುವ ಪ್ರಮಾಣಪತ್ರ ನಡೆಯುತ್ತದೆ. ಮತದಾರರ ಚೀಟಿಯ ದಾರಿಯಂತೂ ನನಗೆ ತುಂಬ ಇಷ್ಟ. ಮತದಾರರ ಪಟ್ಟಿಗೆ ಸೇರಲು ತುಂಬುವ ನಮೂನೆ 6ರಲ್ಲಿ ತಾವು ಮಲಗುವ ಜಾಗವನ್ನೇ ವಿಳಾಸವಾಗಿ ಬರೆದರೆ ಸಾಕು, ವಿಳಾಸಕ್ಕೆ ದಾಖಲೆ ಬೇಡ. ಬೂತ್ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಬಂದು, ಅವರು ನಿಜಕ್ಕೂ ಅಲ್ಲೇ ಮಲಗುತ್ತಾರಾ ಎಂದು ನೋಡುತ್ತಾರೆ. ಅಂದರೆ ನಿಮ್ಮ ಅಂಗಡಿ ಜಗುಲಿಯೂ ವಿಳಾಸವೇ! ವಯಸ್ಸು 65 ಆಗಿದ್ದರೆ ಮುಂದೆ ಸಂಧ್ಯಾ ಸುರಕ್ಷಾ ಪಿಂಚಣಿಗೂ ಅರ್ಜಿ ಹಾಕಬಹುದು.

ಯಾರನ್ನು ಕೇಳಬೇಕು? ಪಾಲಿಕೆ, ನಗರಸಭೆ ಅಥವಾ ಪುರಸಭೆ ಕಚೇರಿ. ಹಿರಿಯರಾದ್ದರಿಂದ 14567ಕ್ಕೂ ಫೋನ್ ಮಾಡಿ. ಹೆಂಗಸರಾಗಿದ್ದರೆ 181, ಮಕ್ಕಳಾಗಿದ್ದರೆ 1098. ಮಾನಸಿಕ ಕಾಯಿಲೆಯಿಂದ ಅಲೆಯುತ್ತಿರುವವರಾದರೆ 112. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು ಆಸ್ಪತ್ರೆಗೆ ಕರೆದೊಯ್ಯುವುದು ಪೊಲೀಸರ ಜವಾಬ್ದಾರಿ.

ಎಲ್ಲಕ್ಕಿಂತ ಮೊದಲು ಅವರನ್ನೇ ಕೇಳಿ. ಒಂದು ಟೀ ಕುಡಿಸಿ, ಪಕ್ಕದಲ್ಲಿ ಕೂತು ಕೇಳಿ. ಮೊದಲ ದಿನ ಬೇಡ ಅನ್ನಬಹುದು, ಬಲವಂತ ಮಾಡಬೇಡಿ. ಒಂದು ಮಧ್ಯಾಹ್ನ ಸುಮ್ನೆ ನೋಡಿಕೊಂಡು ಬರೋಣ ಬನ್ನಿ ಎಂದು ಜೊತೆಗೆ ಕರೆದುಕೊಂಡು ಹೋಗಿ. ಚೀಲ ಇಡಲು ಬೀಗ ಇರುವ ಜಾಗ ಇದೆಯಾ ಎಂದು ಅವರೇ ನೋಡಿಕೊಳ್ಳಲಿ.