ಜೈವಿಕ ಲಭ್ಯತೆ: ನುಂಗಿದ ಅರಿಶಿನದಲ್ಲಿ ರಕ್ತಕ್ಕೆ ಸೇರುವುದೆಷ್ಟು?

ಒಂದು ಲೋಟ ನೀರಿಗೆ ಅರ್ಧ ಚಮಚ ಅರಿಶಿನಪುಡಿ ಕದಡಿ ಹತ್ತು ನಿಮಿಷ ಬಿಡಿ. ಪುಡಿಯ ಬಹುಪಾಲು ಲೋಟದ ತಳದಲ್ಲಿ ಕೂತಿರುತ್ತದೆ. ಅದೇ ಪುಡಿಯನ್ನು ಬಿಸಿ ತುಪ್ಪಕ್ಕೆ ಹಾಕಿದರೆ ತುಪ್ಪವೇ ಗಾಢ ಹಳದಿಗೆ ತಿರುಗುತ್ತದೆ. ಅರಿಶಿನದ ಮುಖ್ಯ ಸಕ್ರಿಯ ಅಂಶವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಹೊಟ್ಟೆಯೊಳಗೂ ಇದೇ ತೊಡಕು.

ಸೇವಿಸಿದ ಔಷಧದಲ್ಲಿ ರೂಪ ಕೆಡದೆ ರಕ್ತಪರಿಚಲನೆಗೆ ಸೇರುವ ಪಾಲೇ ಜೈವಿಕ ಲಭ್ಯತೆ. ವೈದ್ಯರ ಮಾತಿನಲ್ಲಿ ಬಯೋಅವೈಲಬಿಲಿಟಿ. ರಕ್ತನಾಳಕ್ಕೇ ಚುಚ್ಚಿದ ಮದ್ದಿಗೆ ಇದು ಶೇ 100. ಬಾಯಿಂದ ತೆಗೆದುಕೊಂಡದ್ದು ಹಾದಿಯುದ್ದಕ್ಕೂ ಸೋರುತ್ತದೆ.

ಮೊದಲು ಅಂಶವು ಸಸ್ಯದ ಜೀವಕೋಶದಿಂದ ಹೊರಬರಬೇಕು. ಕುಟ್ಟುವುದು, ಅರೆಯುವುದು, ಕುದಿಸುವುದು ಅದಕ್ಕೇ. ಇಡೀ ಮೆಣಸಿನ ಕಾಳು ನುಂಗಿದರೆ ಹಾಗೆಯೇ ಹೊರಗೆ ಹೋಗಬಹುದು. ಆಮೇಲೆ ಕರುಳಿನಲ್ಲಿ ಕರಗಬೇಕು. ಊಟದಲ್ಲಿ ಜಿಡ್ಡಿದ್ದರೆ ಪಿತ್ತಕೋಶ ಪಿತ್ತರಸ ಸುರಿಸುತ್ತದೆ, ಜಿಡ್ಡು ಅತಿ ಸಣ್ಣ ಹನಿಗಳಾಗಿ ಒಡೆದು ಕರ್ಕ್ಯುಮಿನ್ನನ್ನು ಕರುಳಿನ ಗೋಡೆಯವರೆಗೆ ಒಯ್ಯುತ್ತದೆ. ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ಕುಡಿದರೆ ಬಹುಪಾಲು ಮಲದಲ್ಲೇ ಹೋಗುತ್ತದೆ. ಗೋಡೆ ದಾಟಿದ್ದಕ್ಕೂ ಬಿಡುಗಡೆಯಿಲ್ಲ. ಕರುಳಿನ ಗೋಡೆಯ ಮತ್ತು ಯಕೃತ್ತಿನ ಕಿಣ್ವಗಳು ಅದಕ್ಕೆ ಗ್ಲುಕುರಾನಿಕ್ ಆಮ್ಲ ಅಂಟಿಸಿ ಹೊರಹಾಕಲು ಸಿದ್ಧಪಡಿಸುತ್ತವೆ. ಕರ್ಕ್ಯುಮಿನ್ ಹೆಚ್ಚಾಗಿ ಸೋಲುವುದು ಇಲ್ಲೇ.

ಈ ಕಿಣ್ವಗಳನ್ನು ಸ್ವಲ್ಪ ಹೊತ್ತು ತಡೆಹಿಡಿಯುವುದು ಕಾಳುಮೆಣಸಿನ ಪೈಪರಿನ್. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಮಾತ್ರ ಕೊಟ್ಟಾಗ ರಕ್ತದಲ್ಲಿ ಅದು ಸಿಕ್ಕಿದ್ದು ತೀರಾ ಕಡಿಮೆ, ಇಲ್ಲವೇ ಏನೂ ಇಲ್ಲ. ಜೊತೆಗೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಲಭ್ಯತೆ ಶೇ 2000ರಷ್ಟು ಏರಿತು. ಕ್ಯಾಪ್ಸೂಲ್ ಡಬ್ಬಿಗಳ ಮೇಲೆ ರಾರಾಜಿಸುವ ಸಂಖ್ಯೆ ಇದೇ. ಆದರೆ ಅದು ಸೊನ್ನೆಗೆ ಹತ್ತಿರದ ಮೊತ್ತದ ಏರಿಕೆ ಎಂಬುದನ್ನು ಮರೆಯಬಾರದು. ಅಡುಗೆಮನೆಯ ಲೆಕ್ಕ ಇನ್ನೂ ಸಣ್ಣದು: ಅರಿಶಿನಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ 3. ಅರ್ಧ ಚಮಚದಲ್ಲಿ, ಅಂದರೆ ಒಂದೂವರೆ ಗ್ರಾಂ ಪುಡಿಯಲ್ಲಿ, ಸಿಗುವುದು 45 ಮಿಲಿಗ್ರಾಂ. ಅಧ್ಯಯನದ ಪ್ರಮಾಣಕ್ಕೆ ಸುಮಾರು 67 ಗ್ರಾಂ ಪುಡಿ ಬೇಕು!

ಹಾಗಾಗಿ ಅರಿಶಿನದ ಹಾಲು ಮಾಡುವಾಗ ಕೆನೆ ತೆಗೆಯದ ಹಾಲು ಬಳಸಿ, ಎರಡು ಮೂರು ಕಾಳುಮೆಣಸು ಜಜ್ಜಿ ಹಾಕಿ ಕುದಿಸಿ, ತಳದ ಗಸಿಯನ್ನೂ ಕಲಕಿ ಕುಡಿಯಿರಿ.

ಆಯುರ್ವೇದದಲ್ಲಿ ಮದ್ದಿನ ಜೊತೆ ತೆಗೆದುಕೊಳ್ಳುವ ಹಾಲು, ತುಪ್ಪ, ಜೇನಿಗೆ ಅನುಪಾನ ಎನ್ನುತ್ತಾರೆ. ಎಷ್ಟೋ ಔಷಧ ಮಿಶ್ರಣಗಳಲ್ಲಿ ಬರುವ ತ್ರಿಕಟುವಿನ ಮೂರು ದ್ರವ್ಯಗಳಲ್ಲಿ ಮೆಣಸು, ಹಿಪ್ಪಲಿ ಎರಡರಲ್ಲೂ ಪೈಪರಿನ್ ಇದೆ; ಮೂರನೆಯದು ಶುಂಠಿ.

ಪೈಪರಿನ್‌ಗೆ ಕರ್ಕ್ಯುಮಿನ್ ಯಾವುದು, ಮಾತ್ರೆ ಯಾವುದು ಎಂಬ ಭೇದವಿಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಪ್ರೊಪ್ರನೊಲಾಲ್, ಆಸ್ತಮಾದ ಥಿಯೋಫಿಲಿನ್ ಮೂರರ ಮಟ್ಟವನ್ನೂ ಅದು ರಕ್ತದಲ್ಲಿ ಏರಿಸುತ್ತದೆ. ಫೆನಿಟಾಯಿನ್‌ನಲ್ಲಿ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ಹೆಚ್ಚಾದರೆ ತಲೆ ಸುತ್ತಿ ನಡಿಗೆ ತೂರಾಡುತ್ತದೆ. ಸಾರಿನ ಮೆಣಸಿಗೆ ಅಂಜಬೇಕಿಲ್ಲ, ದಿನವೂ ನುಂಗುವ ಕ್ಯಾಪ್ಸೂಲಿನ ವಿಷಯ ಬೇರೆ. ಪೈಪರಿನ್ ಸೇರಿಸಿದ ಅರಿಶಿನದ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ. ಅಂಥ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿರುವಾಗ ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಅಂದೇ ನಿಲ್ಲಿಸಿ, ಡಬ್ಬಿಯನ್ನು ಜೊತೆಗೊಯ್ದು ವೈದ್ಯರಿಗೆ ತೋರಿಸಿ.