ಕಟ್ ಆದದ್ದು ಪೇಸ್ಟ್ ಆಗುವವರೆಗೆ ಎಲ್ಲಿರುತ್ತದೆ?

ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗಾಲದ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ. ಬೆಳೆ ಪರಿಹಾರದ ಅರ್ಜಿಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿರುವ ಬೆಳೆಗಾರರೊಬ್ಬರನ್ನು ಊಹಿಸಿಕೊಳ್ಳಿ. ಕೊನೆಯ ಪ್ಯಾರಾ ಮೇಲೆ ಬರಬೇಕಿತ್ತು ಎನಿಸಿ ಅದನ್ನು ಆಯ್ದು ಕಂಟ್ರೋಲ್ ಮತ್ತು ಎಕ್ಸ್ ಒತ್ತುತ್ತಾರೆ. ಪ್ಯಾರಾ ಪರದೆಯಿಂದ ಮಾಯವಾಗುತ್ತದೆ. ಹೊಸ ಜಾಗದಲ್ಲಿ ಅಂಟಿಸುವ ಮುನ್ನ ಅಭ್ಯಾಸಬಲದಿಂದ ಸೇವ್ ಕೂಡ ಮಾಡುತ್ತಾರೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ, ಯುಪಿಎಸ್ ಇಲ್ಲ. ಕಂಪ್ಯೂಟರ್ ಮತ್ತೆ ಶುರುವಾದಾಗ ಅರ್ಜಿ ಇರುತ್ತದೆ, ಪ್ಯಾರಾ ಇರುವುದಿಲ್ಲ. ಅದೇ ಹೊತ್ತಿನಲ್ಲಿ ಇನ್ನೊಬ್ಬರು ಅದೇ ಎಕ್ಸ್ ಒತ್ತಿ ತೋಟದ ಫೋಟೊಗಳ ಫೈಲುಗಳನ್ನು ಕಟ್ ಮಾಡಿದ್ದರೆ ಒಂದು ಫೋಟೊವೂ ಕಳೆದಿರುವುದಿಲ್ಲ. ಒತ್ತಿದ ಕೀಲಿ ಒಂದೇ ಆದರೂ ಒಳಗೆ ನಡೆಯುವ ಕೆಲಸ ಬೇರೆ ಬೇರೆ. ಕಂಪ್ಯೂಟರ್ ಕಲಿಸುವವರು ಈ ವ್ಯತ್ಯಾಸವನ್ನು ಮೊದಲ ವಾರದಲ್ಲೇ ಹೇಳಿಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬರಹವನ್ನು ಕಟ್ ಮಾಡಿದಾಗ ಅದು ಕಡತದಿಂದ ಆಗಲೇ ಹೊರಬಿದ್ದು ಕ್ಲಿಪ್‌ಬೋರ್ಡ್ ಎಂಬ ತಾತ್ಕಾಲಿಕ ಜಾಗಕ್ಕೆ ಹೋಗುತ್ತದೆ. ಆ ಜಾಗ ಇರುವುದು ಹಾರ್ಡ್‌ಡಿಸ್ಕಿನಲ್ಲಲ್ಲ, ರ್‍ಯಾಮ್ ಎಂದು ಕರೆಯುವ ಸ್ಮೃತಿಯಲ್ಲಿ. ಅಲ್ಲಿ ಪ್ರತಿಯೊಂದು ಬಿಟ್, ಅಂದರೆ ಸೊನ್ನೆ ಅಥವಾ ಒಂದು ಎಂಬ ಗುರುತು ಕೂಡ ಅತಿ ಸಣ್ಣ ಕೆಪಾಸಿಟರ್ ಒಂದರಲ್ಲಿ ನಿಂತಿರುವ ವಿದ್ಯುದಂಶ. ಅದು ಸದಾ ಸೋರುತ್ತಿರುವುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಪ್ರತಿಯೊಂದನ್ನೂ ಓದಿ ಮತ್ತೆ ತುಂಬಬೇಕು. ನೀವು ಯೋಚಿಸುತ್ತಾ ಕುಳಿತಿರುವಾಗಲೂ ಯಂತ್ರ ಆ ಪ್ಯಾರಾವನ್ನು ಸೆಕೆಂಡಿಗೆ ಹದಿನೈದಕ್ಕೂ ಹೆಚ್ಚು ಬಾರಿ ಉಳಿಸಿಕೊಳ್ಳುತ್ತಿರುತ್ತದೆ. ವಿದ್ಯುತ್ ನಿಂತರೆ ಆ ಕೆಲಸವೂ ನಿಲ್ಲುತ್ತದೆ.

ಕರೆಂಟು ಹೋಗಲೇಬೇಕೆಂದೂ ಇಲ್ಲ. ಕಟ್ ಮಾಡಿದ ಮೇಲೆ ಮರೆತು ಬೇರೊಂದು ಸಾಲನ್ನು ಕಾಪಿ ಮಾಡಿದರೂ ಸಾಕು, ಮೊದಲಿನದರ ಜಾಗದಲ್ಲಿ ಎರಡನೆಯದು ಬಂದು ಕೂರುತ್ತದೆ. ಆಗ ಕಂಟ್ರೋಲ್ ಝಡ್ ಒತ್ತಿದರೆ ಸಾಮಾನ್ಯವಾಗಿ ಪ್ಯಾರಾ ಹಿಂದಿರುಗುತ್ತದೆ. ನೀವು ಬರೆಯುತ್ತಿರುವ ತಂತ್ರಾಂಶ ತಾನು ಮಾಡಿದ ಬದಲಾವಣೆಗಳ ಲೆಕ್ಕವನ್ನು ಬೇರೆಯಾಗಿ ಇಟ್ಟಿರುತ್ತದೆ. 2018ರ ಅಕ್ಟೋಬರ್ ಪರಿಷ್ಕರಣೆಯಿಂದ ವಿಂಡೋಸ್ 10ರಲ್ಲಿ ಇನ್ನೊಂದು ಅನುಕೂಲ ಬಂತು. ವಿಂಡೋಸ್ ಕೀಲಿಯ ಜೊತೆ ವಿ ಒತ್ತಿ ಚಾಲೂ ಮಾಡಿಕೊಂಡರೆ, ಆಮೇಲೆ ಕಾಪಿ ಮಾಡಿದ 25 ತುಣುಕುಗಳವರೆಗೆ ಸಾಲಾಗಿ ಸಿಗುತ್ತವೆ. ಪಿನ್ ಮಾಡಿದವನ್ನು ಬಿಟ್ಟರೆ ಅವೂ ಕಂಪ್ಯೂಟರ್ ಮರುಚಾಲನೆಯಾದಾಗ ಅಳಿಯುತ್ತವೆ.

ಇನ್ನು ಫೈಲಿನ ವಿಷಯ. ವಿಂಡೋಸಿನಲ್ಲಿ ಫೈಲ್ ಕಟ್ ಮಾಡಿದಾಗ ಅದರ ಚಿಹ್ನೆ ಮಸುಕಾಗುವುದನ್ನು ನೋಡಿರುತ್ತೀರಿ. ಅದು ಅಲ್ಲೇ ಇದೆ, ಹೊರಡಲು ಗುರುತು ಮಾಡಿದೆ ಎಂದಷ್ಟೇ ಅದರ ಅರ್ಥ. ಕ್ಲಿಪ್‌ಬೋರ್ಡಿಗೆ ಹೋಗುವುದು ಫೈಲಿನ ವಿಳಾಸ ಮತ್ತು 'ಸಾಗಿಸು' ಎಂಬ ಸೂಚನೆ, ಒಳಗಿನ ಫೋಟೊ ಅಲ್ಲ. ಪೇಸ್ಟ್ ಮಾಡದೆ ಎದ್ದು ಹೋದರೂ ನಷ್ಟವಿಲ್ಲ. ಪೇಸ್ಟ್ ಮಾಡಿದಾಗಲೂ, ಹಳೆಯ ಮತ್ತು ಹೊಸ ಫೋಲ್ಡರುಗಳು ಒಂದೇ ಡ್ರೈವಿನಲ್ಲಿದ್ದರೆ, ಡಿಸ್ಕಿನ ಮೇಲೆ ಫೈಲಿನ ದತ್ತಾಂಶ ಅಲುಗುವುದೇ ಇಲ್ಲ. ತಂದೆಯ ಹೆಸರಿನಲ್ಲಿದ್ದ ಕಾಫಿ ತೋಟ ಪೌತಿ ಖಾತೆಯಾಗಿ ಮಗಳ ಹೆಸರಿಗೆ ಬಂದಾಗ ಪಹಣಿಯಲ್ಲಿ ಹೆಸರು ಬದಲಾಗುತ್ತದೆಯೇ ಹೊರತು ಒಂದು ಗಿಡವೂ ಜಾಗ ಬಿಟ್ಟು ಕದಲುವುದಿಲ್ಲ. ಇಲ್ಲಿಯೂ ಹಾಗೆಯೇ: ಡ್ರೈವಿನ ಸೂಚಿಯಲ್ಲಿ ಫೈಲು ಯಾವ ಫೋಲ್ಡರಿಗೆ ಸೇರಿದ್ದು ಎಂಬ ನಮೂದು ಮಾತ್ರ ತಿದ್ದುಪಡಿಯಾಗುತ್ತದೆ. ನಾಲ್ಕು ಗಿಗಾಬೈಟಿನ ಮದುವೆ ವಿಡಿಯೊ ಕಣ್ಣು ಮಿಟುಕಿಸುವಷ್ಟರಲ್ಲಿ ಜಾಗ ಬದಲಿಸುವುದು ಇದರಿಂದಲೇ.

ಅದೇ ವಿಡಿಯೊವನ್ನು ಪೆನ್‌ಡ್ರೈವಿಗೆ ಕಟ್ ಮಾಡಿ ಹಾಕಿದರೆ ಕಾಯಬೇಕಾಗುತ್ತದೆ. ಪೆನ್‌ಡ್ರೈವಿಗೆ ಅದರದೇ ಸೂಚಿ ಇರುವುದರಿಂದ ನಮೂದು ತಿದ್ದಿದರೆ ಸಾಲದು. ಇಡೀ ದತ್ತಾಂಶವನ್ನು ಅಲ್ಲಿ ಹೊಸದಾಗಿ ಬರೆದು, ಆಮೇಲೆ ಹಳೆಯದನ್ನು ಅಳಿಸಬೇಕು. ಎಷ್ಟೋ ಬಾರಿ 'ಬರೆದಾಯಿತು' ಎಂದು ತೋರಿಸಿದ ಮೇಲೂ ಕೊನೆಯ ಭಾಗ ಇನ್ನೂ ರ್‍ಯಾಮಿನಲ್ಲೇ ಸರದಿ ಕಾಯುತ್ತಿರಬಹುದು. ಆದ್ದರಿಂದ ಮುಖ್ಯವಾದ ದಾಖಲೆಗಳನ್ನು ಪೆನ್‌ಡ್ರೈವಿಗೆ ಕಟ್ ಮಾಡಬೇಡಿ, ಕಾಪಿ ಮಾಡಿ. ಅಲ್ಲಿ ತೆರೆದು ನೋಡಿದ ಮೇಲೆ ಹಳೆಯದನ್ನು ಅಳಿಸಿ. ಆಪಲ್ ಕಂಪನಿಯ ಮ್ಯಾಕ್ ಯಂತ್ರಗಳಲ್ಲಿ ಫೈಲುಗಳನ್ನು ನೋಡಿಕೊಳ್ಳುವ ಫೈಂಡರ್ ಎಂಬ ತಂತ್ರಾಂಶದಲ್ಲಿ ಫೈಲುಗಳಿಗೆ ಕಟ್ ಎಂಬ ಕ್ರಮವೇ ಇಲ್ಲ. ಅಲ್ಲಿ ಮೊದಲು ಕಾಪಿ ಮಾಡಿ, ಪೇಸ್ಟ್ ಮಾಡುವಾಗ 'ಇಲ್ಲಿಗೆ ಸಾಗಿಸು' ಎನ್ನಬೇಕು. ನನಗೆ ಇದೇ ಹೆಚ್ಚು ಪ್ರಾಮಾಣಿಕ ಎನಿಸುತ್ತದೆ. ತೋಟದ ಕೂಲಿ ಲೆಕ್ಕ ಬರೆಯುವ ಎಕ್ಸೆಲ್ ಹಾಳೆಯೂ ಫೈಲಿನ ದಾರಿಯನ್ನೇ ಹಿಡಿದಿದೆ: ಕಟ್ ಮಾಡಿದ ಕೋಶದ ಸುತ್ತ ಚುಕ್ಕೆಗೆರೆ ಓಡುತ್ತದೆ, ಪೇಸ್ಟ್ ಆಗುವವರೆಗೆ ಅಂಕಿ ಅಲ್ಲೇ ಇರುತ್ತದೆ.

ಬರಹಕ್ಕೆ ಕತ್ತರಿ, ಅಂಟಿನ ಈ ಪದ್ಧತಿಯನ್ನು ಕಂಪ್ಯೂಟರಿಗೆ ತಂದವರಲ್ಲಿ ಪ್ರಮುಖರು ಲ್ಯಾರಿ ಟೆಸ್ಲರ್. 1970ರ ದಶಕದ ನಡುವೆ ಅಮೆರಿಕದ ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಅವರೂ ಟಿಮ್ ಮಾಟ್ ಅವರೂ ಸೇರಿ ಜಿಪ್ಸಿ ಎಂಬ ತಂತ್ರಾಂಶ ರೂಪಿಸಿದರು. ಗಿನ್ ಎಂಬ ಪಠ್ಯಪುಸ್ತಕ ಪ್ರಕಾಶನದ ಸಂಪಾದಕರು ಹಸ್ತಪ್ರತಿಯನ್ನು ನಿಜವಾಗಿ ಕತ್ತರಿಸಿ ಅಂಟಿಸುತ್ತಿದ್ದರು. ಜಿಪ್ಸಿ ತಯಾರಾದದ್ದು ಅವರಿಗಾಗಿ. ಅದಕ್ಕಿಂತ ಹಿಂದಿನ ಬ್ರಾವೊ ಎಂಬ ತಂತ್ರಾಂಶದಲ್ಲಿ ಅದೇ ಕೀಲಿಗಳು ಕೆಲವೊಮ್ಮೆ ಅಕ್ಷರ, ಕೆಲವೊಮ್ಮೆ ಆಜ್ಞೆ. ಆಜ್ಞೆಯ ಸ್ಥಿತಿಯಲ್ಲಿದ್ದಾಗ ಎಡಿಟ್ ಎಂಬ ಪದ ಟೈಪ್ ಮಾಡಿದರೆ ಇ ಒತ್ತಿದಾಗ ಇಡೀ ಕಡತ ಆಯ್ಕೆಯಾಗಿ, ಡಿ ಅದನ್ನು ಅಳಿಸಿ, ಐ ಹೊಸ ಬರಹಕ್ಕೆ ದಾರಿ ಮಾಡಿ, ಕೊನೆಗೆ ಟಿ ಎಂಬ ಒಂದಕ್ಷರ ಉಳಿಯುತ್ತಿತ್ತು. ಸಾಮಾನ್ಯರನ್ನು ಹೀಗೆ ಬೀಳಿಸುವ ವಿನ್ಯಾಸದ ವಿರುದ್ಧ ಟೆಸ್ಲರ್ ಜೀವನವಿಡೀ ಹೋರಾಡಿದರು. 1980ರಲ್ಲಿ ಅವರು ಆಪಲ್ ಸೇರಿದರು. 1983ರ ಲೀಸಾ, 1984ರ ಮ್ಯಾಕಿಂಟಾಷ್ ಮೂಲಕ ಕಟ್-ಪೇಸ್ಟ್ ಮನೆಮನೆಗೆ ಬಂತು. 2020ರ ಫೆಬ್ರುವರಿಯಲ್ಲಿ ತೀರಿಕೊಂಡ ಈ ಮನುಷ್ಯನ ಋಣ ಕೀಲಿಮಣೆ ಮುಟ್ಟಿದ ಎಲ್ಲರ ಮೇಲಿದೆ.

ಕನ್ನಡದವರಿಗೆ ಕಾಪಿ-ಪೇಸ್ಟ್ ತಂದ ತೊಡಕೊಂದಿದೆ. ಹಾಸನದ ಡಿಟಿಪಿ ಅಂಗಡಿಗಳಲ್ಲಿ ಅದು ದಿನನಿತ್ಯದ ಪಾಡು. ಗಿರಾಕಿ ಲಗ್ನಪತ್ರಿಕೆಯ ಒಕ್ಕಣೆಯನ್ನು ವಾಟ್ಸ್‌ಆ್ಯಪಿನಲ್ಲಿ ಕಳುಹಿಸುತ್ತಾರೆ. ಅದನ್ನು ಕಾಪಿ ಮಾಡಿ ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ ಪೇಸ್ಟ್ ಮಾಡಿದರೆ ವಧೂವರರ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೋ ಚೌಕಗಳೋ ಬಂದು ಕೂರುತ್ತವೆ.

ಕ್ಲಿಪ್‌ಬೋರ್ಡಿನಲ್ಲಿ ಹೋಗುವುದು ಅಕ್ಷರದ ಚಿತ್ರವಲ್ಲ, ಸಂಖ್ಯೆ. ವಾಟ್ಸ್‌ಆ್ಯಪಿನಂಥವು ಬಳಸುವುದು ಯುನಿಕೋಡ್, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಜಾಗತಿಕ ವ್ಯವಸ್ಥೆ. ಅದರಲ್ಲಿ 'ಚಿಕ್ಕಮಗಳೂರು' ಎಂದರೆ 11 ಸಂಖ್ಯೆಗಳು: ಚಕಾರಕ್ಕೊಂದು, ಗುಡಿಸಿಗೊಂದು, ಎರಡು ಕಕಾರಗಳಿಗೆ ಒಂದೊಂದು, ಅವುಗಳನ್ನು ಒತ್ತಾಗಿಸುವ ಅರ್ಧಾಕ್ಷರ ಚಿಹ್ನೆಗೊಂದು, ಹೀಗೆ. ಈ ಸಂಖ್ಯೆಗಳು ಕನ್ನಡಕ್ಕೇ ಮೀಸಲು. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ವ್ಯವಸ್ಥೆ ಬೇರೆ. ಅಲ್ಲಿ 'ಕ' ಎಂದು ಕಾಣುವುದು ಒಳಗೆ ಇಂಗ್ಲಿಷಿನ ಪಿ, ಅದರ ಪಕ್ಕದಲ್ಲಿ ತಲೆಯ ಮೇಲೆ ಓರೆಗೀಟಿರುವ ಎ. ಮೊದಲನೆಯದರ ಜಾಗದಲ್ಲಿ ಕಕಾರದ ಬುಡವನ್ನೂ ಎರಡನೆಯದರ ಜಾಗದಲ್ಲಿ ತಲೆಕಟ್ಟನ್ನೂ ಫಾಂಟು ಬಿಡಿಸಿ ತೋರಿಸುತ್ತದೆ, ಅಷ್ಟೇ. ಫಾಂಟು ಬದಲಾದ ಕ್ಷಣ ಆ ಬರಹ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ.

ಪೇಸ್ಟ್ ಕೆಟ್ಟಿತು ಎಂದು ಅಂಗಡಿಯಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಕ್ಲಿಪ್‌ಬೋರ್ಡ್ ಸಂಖ್ಯೆಗಳನ್ನು ತಲುಪಿಸಿರುತ್ತದೆ. ಅವನ್ನು ಓದಲು ಬಾರದಿರುವುದು ಆ ಕಡೆಯ ತಂತ್ರಾಂಶಕ್ಕೆ. ಹಾಗಾಗಿ ಅಂಗಡಿಯವರು ಒಕ್ಕಣೆಯನ್ನು ಮೊದಲು ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಯುನಿಕೋಡಿನಿಂದ ನುಡಿಗೆ ತಿರುಗಿಸಿ, ಆಮೇಲೆ ಪುಟಕ್ಕೆ ತರುತ್ತಾರೆ. ಇಷ್ಟಾದ ಮೇಲೂ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ತಪ್ಪುವುದುಂಟು. ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಮನೆಯವರೊಬ್ಬರು ಪಕ್ಕದಲ್ಲಿ ಕುಳಿತು ಹೆಸರುಗಳನ್ನು ಒಂದೊಂದಾಗಿ ಓದಿ ನೋಡುವುದು ಈಗಲೂ ಬೇಕು.